ಕೋಟೆ ಬಾಗಿಲಲ್ಲಿ ಕೊಂಡ ಹೂವು

ನವೆಂಬರ್ ೯, ಭಾನುವಾರ

ಲಕ್ಕಮ್ಮನಿಗೆ ಯಾಕೆ ಹಾಗೆ ಹೇಳಿದೆನೋ.

ಬನಶಂಕರಿ ತೀರಿಕೊಂಡ ಮೇಲೆ ದೇವನಹಳ್ಳಿಗೆ ಹೋದದ್ದು ಇವತ್ತೇ ಮೊದಲು. ಕೋಟೆಯೊಳಗೆ ಅವಳ ತವರು; ಭಾವಮೈದ ಊಟಕ್ಕೆ ಕರೆದಿದ್ದ. ಕೋಟೆಯ ದುಂಡು ಬುರುಜಿಗೆ ಇಂಗ್ಲಿಷಿನಲ್ಲಿ ಬ್ಯಾಸ್ಟಿಯನ್ನೋ ರ್‍ಯಾಂಪಾರ್ಟೋ, ಕಾಲೇಜಿನಲ್ಲಿ ಓದಿದ್ದು. ಅವಳ ಮುಂದೆ ಯಾವುದೋ ಒಂದನ್ನು ಧೈರ್ಯವಾಗಿ ಹೇಳುತ್ತಿದ್ದೆ. ಇವತ್ತು ಎರಡೂ ತಪ್ಪೆನಿಸಿತು.

ಹೂ ಮುಡಿಯದೆ ಅವಳು ತವರಿಗೆ ಕಾಲಿಡುತ್ತಿರಲಿಲ್ಲ. ಬಸ್ಸಿಳಿದು ನಾನು ಮುಂದೆ ನಡೆದು ಕೋಟೆ ಬಾಗಿಲಲ್ಲಿ ಹೂ ಕೊಂಡು ನಿಲ್ಲುವುದು, ಅವಳು ನಿಧಾನವಾಗಿ ಬಂದು ಅಲ್ಲೇ ಮುಡಿಯುವುದು. ಇವತ್ತೂ ಕೈ ತಾನಾಗಿಯೇ ಕನಕಾಂಬರ ತೆಗೆದುಕೊಂಡಿತು.

"ಎಲ್ಲಿ ಭಾವ, ನಮ್ಮಕ್ಕ?" ಎಂದಳು ಹೂವಿನ ಲಕ್ಕಮ್ಮ. ಮಗಳ ಬಾಣಂತನಕ್ಕೆ ತಿಂಗಳುಗಟ್ಟಲೆ ಸೂಲಿಬೆಲೆಯಲ್ಲಿದ್ದವಳು, ಪಾಪ, ಗೊತ್ತಿಲ್ಲ.

"ಹಿಂದೆ ಬರ್ತಿದ್ದಾಳೆ" ಎಂದುಬಿಟ್ಟೆ.

"ನೀವ್ ಬಿಡಿ, ಹೆಂಡ್ತಿನ ಬಿಟ್ಟು ಮುಂದೆ ಓಡೋದೇ ಆಯ್ತು! ಇವತ್ತಾದ್ರೂ ಕಾದು ಕರ್ಕೊಂಡ್ ಹೋಗಿ."

ಕಾದೆ. ನಿಜವಾಗಿಯೂ ದಾರಿ ನೋಡುತ್ತಾ ನಿಂತೆ. ಲಕ್ಕಮ್ಮ ಬೇರೆ ಯಾರಿಗೋ ಹೂ ಅಳೆಯುವಾಗ ಒಳಗೆ ನುಸುಳಿದೆ. ಊಟವಾದ ಮೇಲೆ ಆ ಬಾಗಿಲಿಗೆ ಬರಲು ಮುಖವಿಲ್ಲದೆ, ಇನ್ನೊಂದು ಬಾಗಿಲಿನಿಂದ ಹೊರಬಿದ್ದು ಗೋಡೆ ಸುತ್ತಿಕೊಂಡು ಬಸ್ಸಿಗೆ ನಡೆದೆ.

ನಾಳೆ ಯಾರಾದರೂ ಲಕ್ಕಮ್ಮನಿಗೆ ಹೇಳಿಯೇ ಹೇಳುತ್ತಾರೆ. ಅಲ್ಲಿಯವರೆಗೆ ಅವಳೊಬ್ಬಳ ಪಾಲಿಗೆ ಬನಶಂಕರಿ ಇನ್ನೂ ದಾರಿಯಲ್ಲಿದ್ದಾಳೆ.

ಮನೆಗೆ ಬಂದಾಗ ಹೂವು ಅಂಗಿ ಜೇಬಿನಲ್ಲೇ ಇತ್ತು. ಬನಶಂಕರಿಯ ಫೋಟೋಗೆ ಹಾಕಲು ಎದ್ದೆ, ಕೈ ಬರಲಿಲ್ಲ. ಅವಳು ಮಾಡುತ್ತಿದ್ದಂತೆ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಬೆಳಿಗ್ಗೆ ಹಾಕಿದರಾಯಿತು. ಇದೊಂದು ರಾತ್ರಿ ಬರುತ್ತಲೇ ಇರಲಿ, ಅವಳ ನಡಿಗೆ ಮೊದಲೇ ನಿಧಾನ.