ಗೇಟಿನ ಮೇಲಿಲ್ಲದ ಹೆಸರು

ಕೆಸರೆ, ಮೈಸೂರು
೧೭ ಜುಲೈ ೨೦೨೫

ಪ್ರೀತಿಯ ಅಕ್ಷತಾ,

ನಿನ್ನ ತಲೆನೋವು ಕಡಿಮೆಯಾಯಿತೇ? ವಿಜಯಪುರದ ನೀರು ಈಗಲಾದರೂ ಒಗ್ಗಿತೇ? ಸ್ಕೂಲಿನಲ್ಲಿ ಪಾಠಕ್ಕೆ ಮಕ್ಕಳು ಕಾಯುತ್ತಾರೆಂದು ತಿಂಡಿ ಬಿಟ್ಟು ಓಡುವ ನಿನ್ನ ಚಾಳಿ ನನಗೆ ಗೊತ್ತಿಲ್ಲವೇ! ಇಲ್ಲಿ ಅಪ್ಪ ಕೋಲು ಹಿಡಿದು ಗೇಟಿನವರೆಗೆ ನಡೆಯುತ್ತಾರೆ. ಮಾತೂ ಹೆಚ್ಚುಕಡಿಮೆ ಸರಿಹೋಗಿದೆ. ಆದರೆ ಸ್ಟ್ರೋಕ್ ಆದಾಗ ಓದು ಹೋಯಿತಲ್ಲ, ಅದು ಮಾತ್ರ ಕುಂಟುತ್ತಾ ಬರುತ್ತಿದೆ. ಜೀವಮಾನವೆಲ್ಲ ಊರಿಗೆ ಬೋರ್ಡು ಬರೆದ ಮನುಷ್ಯ ಈಗ ಪೇಪರ್ ಹಿಡಿದು ಬರೀ ಚಿತ್ರ ನೋಡುತ್ತಾರೆ.

ಸೋಮವಾರ ಆಸ್ಪತ್ರೆಯಲ್ಲಿ ಥೆರಪಿಯ ಶಾಲಿನಿ ಕಂಪ್ಯೂಟರಿನಲ್ಲಿ ಒಂದೊಂದೇ ಪದ ತೋರಿಸಿ ಓದಿಸಿದಳು. 'ನೀರು', 'ಮನೆ' ಥಟ್ಟನೆ ಬಂದವು. 'ಕಡಗೋಲು' ಬಂದಾಗ ಒದ್ದಾಡಿಬಿಟ್ಟರು. "ದಿನಾ ಕಣ್ಣಿಗೆ ಬೀಳೋ ಪದ ಬೇಗ ಗುರುತು ಸಿಗುತ್ತೆ ಅಮ್ಮ, ಅಪರೂಪದ್ದು ನಿಧಾನ. ನಮಗೂ ಅಷ್ಟೇ, ಇವರಿಗೆ ಸ್ವಲ್ಪ ಜಾಸ್ತಿ" ಎಂದಳು. ಅಪ್ಪನ ಕಣ್ಣಿನ ಅಭ್ಯಾಸವೇ ಬೇರೆ ನೋಡು. 'ಪ್ರಾವಿಷನ್ ಸ್ಟೋರ್ಸ್', 'ಬಾಡಿಗೆಗೆ ಇದೆ' ಇವನ್ನೆಲ್ಲ ನಾನು ಓದುವಷ್ಟರಲ್ಲಿ ಹೇಳಿ ಮುಗಿಸಿದ್ದರು. ಶಾಲಿನಿ ನಕ್ಕು ಮನೆಯವರ ಹೆಸರು ಹಾಕಿದಳು. 'ಅಕ್ಷತಾ' ತಕ್ಷಣ ಬಂತು. ಅವರೇ ಗೇಟಿನ ಮೇಲೂ ಸ್ಕೂಟರಿನ ಮೇಲೂ ಬರೆದು ದಿನಾ ನೋಡಿದ್ದಲ್ಲವೇ.

ಆಮೇಲೆ ನನ್ನ ಹೆಸರು ಬಂತು. ಮ, ಹ, ದೇ ಎಂದು ಒಂದೊಂದೇ ಅಕ್ಷರ ಕೂಡಿಸಿದರು. ಕೊನೆಗೆ ಶಾಲಿನಿಯತ್ತ ತಿರುಗಿ, "ಇದು ಯಾವ ಅಂಗಡೀದಮ್ಮ?" ಎಂದರು.

ನಾನು ಪಕ್ಕದಲ್ಲೇ ಫ್ಲಾಸ್ಕ್ ಹಿಡಿದು ಕೂತಿದ್ದೆ. ನನ್ನ ಗುರುತು ಅವರಿಗಿದೆ, ಅದರಲ್ಲಿ ಸಂಶಯವಿಲ್ಲ; ಮರುಕ್ಷಣವೇ "ಇವಳೇ, ಕಾಫಿ ಬಗ್ಗಿಸು" ಅಂದರು. ಮದುವೆಯಾದಾಗಿನಿಂದ ಹಾಗೇ ಕರೆದಿದ್ದಾರೆ. ನಾನೂ ಅವರ ಹೆಸರು ಹಿಡಿದು ಕರೆದವಳಲ್ಲ, ನಮ್ಮಲ್ಲಿ ಯಾರು ಕರೆಯುತ್ತಾರೆ. ನನ್ನ ಹೆಸರಿರುವುದು ರೇಷನ್ ಕಾರ್ಡಿನಲ್ಲಿ, ಅದನ್ನು ದಿನಾ ಓದುವವರುಂಟೇ? ಅಳು ಬರಲಿಲ್ಲ ಅಕ್ಷತಾ, ಕೋಪವೂ ಬರಲಿಲ್ಲ. ಕಾಫಿ ಬಗ್ಗಿಸಿ ಕೊಟ್ಟೆ. ಬಸ್ಸು ನಜರ್‌ಬಾದ್ ದಾಟುವಾಗ ತಾವು ಬರೆದ ಬೋರ್ಡುಗಳನ್ನು ಖುಷಿಯಿಂದ ಓದುತ್ತಾ ಬಂದರು, ನಾನು ಹೂಂ ಅನ್ನುತ್ತಾ ಬಂದೆ. ಅಂದಿನಿಂದ ಒಳಗೆಲ್ಲ ಜೋಮು ಹಿಡಿದ ಹಾಗಿದೆ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಗೊತ್ತಾಗುವುದಿಲ್ಲ. ಫೋನಿನಲ್ಲಿ ಹೇಳಿದರೆ ಅವರಿಗೆ ಕೇಳಿಸುತ್ತದೆ, ಅದಕ್ಕೇ ಕಾಗದ ಬರೆದೆ.

ಮಾದಪ್ಪ ನಿನ್ನನ್ನು ಚೆನ್ನಾಗಿಟ್ಟಿರಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಮ್ಮ,
ಮಹದೇವಮ್ಮ

ಮರೆತ ಮಾತು: ಪಾರ್ಸೆಲ್ ಕಳಿಸುವಾಗ ಇನ್ನು ಮೇಲೆ ಅಪ್ಪನ ಹೆಸರು ಹಾಕಬೇಡ. ನನ್ನ ಹೆಸರು ಬರೆ, ದಪ್ಪಗೆ. ಕಳಿಸಲು ಏನೂ ಇಲ್ಲದಿದ್ದರೂ ಆಗಾಗ ಒಂದು ಕಾರ್ಡು ಹಾಕು. ಗೇಟಿನ ಹತ್ತಿರ ಪೋಸ್ಟ್ ಇಸಿದುಕೊಳ್ಳುವುದು ಅವರೇ.