ಸೊಂಟದ ಮೇಲಿನ ಬಿಳಿ ಹೃದಯ

ಎಸ್ಕನಾಬಾ, ಮಿಶಿಗನ್
ಮಾರ್ಚ್ ೯, ಭಾನುವಾರ

ಪ್ರೀತಿಯ ಬ್ರಿಟಾ,

ಹೇಗಿದ್ದೀಯ ಮಗಳೇ? ನೆಗಡಿ ಬಿಟ್ಟಿತೇ? ಮದುವೆಯ ಗಡಿಬಿಡಿಯಲ್ಲಿ ಊಟ ಬಿಡುತ್ತಿಲ್ಲ ತಾನೇ? ನಾವು ಚೆನ್ನಾಗಿದ್ದೇವೆ. ನಾನು ಕೂರುವಾಗ ಮಾತ್ರ ಸ್ವಲ್ಪ ಎಡಕ್ಕೆ ವಾಲುತ್ತೇನೆ, ಅದಿರಲಿ. ಕೊಲ್ಲಿಯ ನೀರು ಇನ್ನೂ ಹೆಪ್ಪುಗಟ್ಟಿಯೇ ಇದೆ. ನಿಮ್ಮಪ್ಪ ಅದರ ಮೇಲೆ ಗುಡಿಸಲು ಹಾಕಿಕೊಂಡು, ತೂತು ಕೊರೆದು, ಮೀನಿಗೆ ಗಾಳ ಹಾಕಿ ಕೂತಿರುತ್ತಾರೆ. ಇದುವರೆಗೆ ಸಿಕ್ಕಿದ್ದು ಒಂದು ಹಳೆಯ ಕೈಗವಸು.

ನಿನ್ನ ಪತ್ರ ಬಂತು. ಮೇ ತಿಂಗಳಿಗೆ ಡೋರೀನಳ ಹತ್ತಿರ ಮೈ ಕಂದಾಗಿಸುವ ಎರಡೂ ಟ್ಯಾನಿಂಗ್ ಬೆಡ್ ನಮ್ಮಿಬ್ಬರಿಗೇ ಕಾದಿರಿಸು, ಬಿಳಿ ಗೌನಿನಲ್ಲಿ ನಾನು ಬೇಯಿಸಿದ ಆಲೂಗಡ್ಡೆಯ ಹಾಗೆ ಕಾಣಬಾರದು ಎಂದು ಬರೆದಿದ್ದೀಯ. ಓದಿ ಒಬ್ಬಳೇ ನಕ್ಕೆ. ಇಪ್ಪತ್ತಾರು ವರ್ಷದಿಂದ ನನಗೂ ಅದೇ ಹುಚ್ಚಲ್ಲವೇ! ಡೋರೀನಳ ಬಟ್ಟೆ ಒಗೆಯುವ ಅಂಗಡಿಯಲ್ಲಿ ಮುಂದೆ ಯಂತ್ರಕ್ಕೆ ಬಟ್ಟೆ ತುಂಬುವುದು, ಹಿಂದಿನ ಕೋಣೆಗೆ ಹೋಗಿ ದೀಪಗಳ ನಡುವೆ ಮಲಗಿ ಮುಚ್ಚಳ ಎಳೆದುಕೊಳ್ಳುವುದು. "ಶವಪೆಟ್ಟಿಗೆಗೆ ಈಗ್ಲೇ ಅಳತೆ ಕೊಟ್ಟು ಬಂದ್ಯಾ?" ಎಂದು ನಿಮ್ಮಪ್ಪ ಕಿಚಾಯಿಸುತ್ತಾರೆ. ಅವರಿಗೇನು ಗೊತ್ತು? ಆರು ತಿಂಗಳು ಆಕಾಶ ಬೂದಿ ಬಣ್ಣಕ್ಕಿರುವ ಊರಿನಲ್ಲಿ ಆ ಹನ್ನೆರಡು ನಿಮಿಷ ಬೆನ್ನು ಬೆಚ್ಚಗಾಗುತ್ತದೆ, ತೆಂಗಿನೆಣ್ಣೆಯ ವಾಸನೆ ಬರುತ್ತದೆ, ಸಾಕ್ಸ್ ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ಮರುದಿನ ಶಾಲೆಯ ಅಡುಗೆಮನೆಯಲ್ಲಿ ಜೊತೆ ಕೆಲಸದವರು "ಏನೇ ಮಾರ್ಲಿಸ್, ಫ್ಲಾರಿಡಾದ ಬಿಸಿಲಿಗೆ ಹೋಗಿದ್ಯಾ? ಹತ್ತು ವರ್ಷ ಚಿಕ್ಕವಳಾಗಿದ್ದೀಯಲ್ಲ!" ಅನ್ನುತ್ತಾರೆ. ಆ ಮಾತಿಗೆ ನಾನು ಸೋತುಹೋಗುತ್ತಿದ್ದೆ. ಡೋರೀನಳ ಗೋಡೆಯ ಮೇಲೆ ಈ ದೀಪಗಳಿಂದ ಕ್ಯಾನ್ಸರ್ ಬರಬಹುದೆಂಬ ಎಚ್ಚರಿಕೆ ಇತ್ತು, ಅದರ ಪಕ್ಕದಲ್ಲೇ ಒಣಗಿಸುವ ಯಂತ್ರಕ್ಕೆ ಬೂಟು ಹಾಕಬೇಡಿ ಎಂಬ ಚೀಟಿ. ಎರಡಕ್ಕೂ ಒಂದೇ ಮರ್ಯಾದೆ ಕೊಟ್ಟೆ.

ನಿನ್ನ ಹದಿನಾರನೇ ಹುಟ್ಟುಹಬ್ಬ ನೆನಪಿದೆಯೇ? ಚಿಕ್ಕವಳಿಗಾದರೆ ಒಪ್ಪಿಗೆಯ ಕಾಗದಕ್ಕೆ ತಾಯಿಯ ಸಹಿ ಬೇಕು ಎಂದಳು ಡೋರೀನ್. ನಾನು ಓದದೆಯೇ ಹಾಕಿಕೊಟ್ಟೆ. ಇಬ್ಬರೂ ಸೊಂಟಕ್ಕೆ ಹೃದಯದ ಸ್ಟಿಕರ್ ಅಂಟಿಸಿಕೊಂಡು ಮಲಗಿದೆವು. ಕಿತ್ತರೆ ಸುತ್ತ ಕಂದು, ನಡುವೆ ಬಿಳಿ ಹೃದಯ! "ಅಮ್ಮಾ, ನಂದೇ ಜಾಸ್ತಿ ಬಿಳಿ" ಎಂದು ನೀನು ಕುಣಿದೆ. ಅವತ್ತು ನನಗೆ ಎಷ್ಟು ಖುಷಿಯಾಗಿತ್ತು ಗೊತ್ತಾ? ಅಮ್ಮನ ಜೊತೆ ಮಾತೇ ಬಿಟ್ಟಿದ್ದ ವಯಸ್ಸಿನ ಮಗಳು ಅವತ್ತಿನಿಂದ ಪ್ರತಿ ಶನಿವಾರ ನನ್ನ ಜೊತೆ ಬರತೊಡಗಿದಳು.

ಅಪ್ಪ ಆಶೀರ್ವಾದ ತಿಳಿಸಿದ್ದಾರೆ. ಬರುವಾಗ ಹೇಳು, ನಿನಗಿಷ್ಟದ ಪ್ಯಾಸ್ಟಿ ಮಾಡಿಡುತ್ತೇನೆ, ಒಳಗೆ ಬರೀ ಮಾಂಸ, ಆಲೂಗಡ್ಡೆ ತುಂಬಿ, ಟರ್ನಿಪ್ ಗೆಡ್ಡೆ ಹಾಕದೆ. ದೇವರು ನಿಮ್ಮಿಬ್ಬರನ್ನೂ ನಗುನಗುತ್ತಾ ಇಟ್ಟಿರಲಿ.

ನಿನ್ನ,
ಅಮ್ಮ

ತಾ.ಕ.: ಇದು ಮರೆತು ಉಳಿದದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಬೆಡ್ ಕಾದಿರಿಸಿಲ್ಲ. ಕಳೆದ ತಿಂಗಳು ನಾನು ಸ್ಟಿಕರ್ ಕಿತ್ತಾಗ ಡೋರೀನ್ ನೋಡಿ, "ಇದೇನೇ, ನಿನ್ನ ಹೃದಯದ ಪಕ್ಕ ಕಾಫಿ ಚೆಲ್ಲಿದ ಹಾಗಿದೆ? ಬಟ್ಟೆ ನಾನು ಮಡಿಸ್ತೀನಿ, ನೀನು ಡಾಕ್ಟರ ಹತ್ರ ಹೋಗು" ಎಂದು ಬೈದು ಕಳಿಸಿದಳು. ಅದು ಕೆಟ್ಟ ಜಾತಿಯ ಮಚ್ಚೆಯಂತೆ. ಬೇಗ ಸಿಕ್ಕಿತು, ಪೂರ್ತಿ ತೆಗೆದಿದ್ದಾರೆ, ಏಳು ಹೊಲಿಗೆ, ನಾನು ಗಟ್ಟಿಯಾಗಿದ್ದೇನೆ, ಅಳಬೇಡ. ನನ್ನ ಮೈಗೆ ನಾನು ಮಾಡಿಕೊಂಡದ್ದಕ್ಕೆ ನನಗೆ ದುಃಖವಿಲ್ಲ. ನಿನ್ನ ಮೈಗೆ ಸಹಿ ಹಾಕಿದ್ದು ಈ ಕೈ, ಅದು ನಿದ್ದೆ ಕೊಡುತ್ತಿಲ್ಲ. ಪತ್ರ ಕೈಸೇರಿದ ದಿನವೇ ಚರ್ಮದ ಡಾಕ್ಟರಿಗೆ ಫೋನು ಮಾಡು, ಅಂಗಾಲಿನಿಂದ ನೆತ್ತಿಯವರೆಗೆ ತೋರಿಸು, ಅವರು ಏನಂದರೆಂದು ನನಗೆ ತಿಳಿಸು. ಮದುವೆಗೆ ಬೇಯಿಸಿದ ಆಲೂಗಡ್ಡೆಯ ಹಾಗೇ ಬಾ. ಪಕ್ಕದಲ್ಲಿ ಇನ್ನೊಂದು ಆಲೂಗಡ್ಡೆ ನಿಂತಿರುತ್ತದೆ.