ಬಣ್ಣ ಬರಲೇ ಇಲ್ಲ

ಅಮ್ಮಾ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕಾಗೆಕಾಲು ಗುಬ್ಬಿಕಾಲಾಗಿದ್ದರೆ ಬೈಯಬೇಡ. ಸತ್ತವರ ಹೊಟ್ಟೆಯಲ್ಲಿ ವಿಷ ಹುಡುಕುವ ನಮ್ಮ ಪ್ರಯೋಗಾಲಯಕ್ಕೆ ಇವತ್ತು ಬದುಕಿರುವವನೊಬ್ಬನ ಮೂತ್ರ ಬಂತು!

ಅವನು ಉದ್ಯಾನದ ಮಾಲಿ. ನಿನ್ನೆ ಬಾಯಾರಿಕೆಯಲ್ಲಿ, ಶರಬತ್ತಿನ ಬಾಟಲಿಗೆ ಯಾರೋ ಸುರಿದಿಟ್ಟಿದ್ದ ಕಳೆನಾಶಕವನ್ನು ಬಾಯಿಗೆ ಹಾಕಿಕೊಂಡು ತಕ್ಷಣ ಉಗಿದನಂತೆ. ಆ ವಿಷಕ್ಕೆ ಮದ್ದಿಲ್ಲ ಅಮ್ಮಾ. ಎಷ್ಟು ಒಳಗಿಳಿದಿದೆಯೋ ತಿಳಿಯಲು ಆಸ್ಪತ್ರೆಯವರು ಅವನ ಮೂತ್ರವನ್ನೂ ಆ ಬಾಟಲಿಯನ್ನೂ ನಮ್ಮಲ್ಲಿಗೆ ಕಳಿಸಿದರು. ಹಿಂದೆಯೇ ಅವನ ಹೆಂಡತಿಯೂ ಬಂದು ಬಾಗಿಲಲ್ಲಿ ನಿಂತಳು.

ಮೂತ್ರಕ್ಕೆ ಈ ವಿಷ ಪತ್ತೆಹಚ್ಚುವ ಪುಡಿ ಬೆರೆಸಿದೆ. ವಿಷವಿದ್ದರೆ ನೀಲಿಯಾಗಬೇಕು, ಆಗಲಿಲ್ಲ. ಪುಡಿಯೇ ಕೆಟ್ಟಿದೆಯೇನೋ ಎಂದು, ಅದೇ ಬಾಟಲಿಯ ಕಳೆನಾಶಕದ ಒಂದು ಹನಿಯನ್ನು ನೀರಿಗೆ ಬೆರೆಸಿ ಪುಡಿ ಹಾಕಿದೆ. ಕಡುನೀಲಿ! ಮತ್ತೊಮ್ಮೆ ಮೂತ್ರ ನೋಡಿದೆ. ಊಹೂಂ. ಯಂತ್ರವೂ ಅದನ್ನೇ ಹೇಳಿತು. ಫೋನಿನಲ್ಲಿ ಡಾಕ್ಟರು, “ಹಾಗಾದ್ರೆ ಗಂಡಾಂತರ ಕಳೀತು” ಎಂದರು.

ನಾನು ಹೊರಗೆ ಓಡಿದೆ. “ಬಣ್ಣ ಬರಲೇ ಇಲ್ಲಮ್ಮಾ!”

ಅವಳು ಗೋಡೆಗೊರಗಿ ಕುಸಿದಳು. “ಹಾಗಾದ್ರೆ ಮುಗೀತಾ ಮೇಡಂ?”

“ಅಯ್ಯೋ, ಬರಬಾರದು ಕಣಮ್ಮಾ! ಬರದೇ ಇದ್ರೇನೇ ಜೀವ ಉಳಿಯೋದು!”

ಔಷಧಿ ನಾರುವ ನನ್ನ ಕೋಟನ್ನೇ ತಬ್ಬಿಕೊಂಡು ಅವಳು ಗಳಗಳನೆ ಅತ್ತಳು. ನಾನೂ ಅತ್ತೆ, ನಕ್ಕೆ. ನಮ್ಮ ಸಾಹೇಬರು ಕೆಮ್ಮಿ ಒಳಗೆ ಹೋದರು.

ಹಿತ್ತಲಿನ ಕಳೆನಾಶಕವನ್ನು ಅಣ್ಣ ಯಾವುದರಲ್ಲಿಟ್ಟಿದ್ದಾನೋ ಇವತ್ತೇ ನೋಡು. ಇನ್ನೊಂದು ಮಾತು. ಪಕ್ಕದ ಮನೆಯವರು ಕೇಳಿದರೆ “ಯಾವುದೋ ಆಫೀಸಲ್ಲಿದ್ದಾಳೆ” ಅನ್ನಬೇಡ. ನನ್ನ ಕೆಲಸ ಏನೆಂದು ಒಮ್ಮೆ ಬಾಯಿ ತುಂಬ ಹೇಳಿಬಿಡಮ್ಮಾ.

ನಿನ್ನ ಕಿರಿಮಗಳು